ಪೈಪಿನ ಬಿರುಕು ಹುಡುಕಲು ಹೊರಟ ಮಕ್ಕಳಿಗೆ

ರಾಯಬಾಗ ಸ್ಟೇಷನ್ನಿನಲ್ಲಿ ಒಂದು ಕಡೆಯ ಗಾಡಿ ಹತ್ತಿದರೆ ಮಿರಜ್, ಇನ್ನೊಂದು ಕಡೆಯದು ಹತ್ತಿದರೆ ಬೆಳಗಾವಿ. ನಮ್ಮ ಭಾಗದ ಐಟಿಐ, ಡಿಪ್ಲೊಮಾ ಹುಡುಗರಲ್ಲಿ ಬಹಳ ಮಂದಿ ಮಿರಜ್ ಗಾಡಿಯನ್ನೇ ಹತ್ತುತ್ತಾರೆ. ಸಾಂಗ್ಲಿ, ಕೊಲ್ಹಾಪುರ, ಪುಣೆಯ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತದೆ. ಈಗೀಗ ಒಬ್ಬಿಬ್ಬರು “ಕಾಕಾ, ಕೈಗಾದಾಗ ಪೈಪಿನ ಎಕ್ಸ್‌ರೇ ತಗಿಯೋ ಕೆಲಸ ಐತಂತ, ಹೋಗ್ಲೇನು?” ಎಂದು ಕೇಳಿಕೊಂಡು ಬರುತ್ತಾರೆ. ಅವರ ಹಿಂದೆಯೇ ಅವರ ತಾಯಂದಿರೂ ಬರುತ್ತಾರೆ. ತಾಯಂದಿರ ಪ್ರಶ್ನೆ ಬೇರೆಯದು.

ಫಿಲ್ಮ್ ಕಾಲದಲ್ಲಿ ಕೆಲಸ ಕಲಿತು, ಡಿಜಿಟಲ್ ಬಂದ ಮೇಲೂ ಅದೇ ಕೆಲಸ ಮಾಡಿ ಮನೆಗೆ ಬಂದವನು ನಾನು. ಕೇಳಿದವರಿಗೆಲ್ಲ ಹೇಳುವುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಇದರಲ್ಲಿ ಉಳಿದದ್ದನ್ನೆಲ್ಲ ಮರೆತರೂ ಒಂದು ಮಾತು ನೆನಪಿರಲಿ: ಪರದೆಯ ಮೇಲೆ ಬಿರುಕು ಕಾಣಲಿಲ್ಲ ಎಂದ ಮಾತ್ರಕ್ಕೆ ಪೈಪಿನಲ್ಲಿ ಬಿರುಕಿಲ್ಲ ಎಂದು ಅರ್ಥವಲ್ಲ.

• ಕ್ಯಾಮೆರಾ (ಕಿರಣ ಸೂಸುವ ಸೋರ್ಸ್ ಇಡುವ ಪೆಟ್ಟಿಗೆ) ಮುಟ್ಟುವ ಮೊದಲು ಪೈಪು ಯಾವುದು ಎಂದು ತಿಳಿದುಕೊಳ್ಳಿ. ಕೈಗಾ ಅಣುವಿದ್ಯುತ್ ಸ್ಥಾವರ ಇರುವುದು ಉತ್ತರ ಕನ್ನಡದ ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ತಲಾ 700 ಮೆಗಾವಾಟ್‌ನ ಐದು ಮತ್ತು ಆರನೆಯ ಘಟಕಗಳ ಕೆಲಸ ನಡೆದಿದೆ. ಇವು ಭಾರಜಲದ ರಿಯಾಕ್ಟರುಗಳು. ಒಂದೊಂದು 220 ಮೆಗಾವಾಟ್ ರಿಯಾಕ್ಟರಿನೊಳಗೆ ಅಡ್ಡಡ್ಡವಾಗಿ ಜೋಡಿಸಿದ 306 ನಾಳಗಳಿರುತ್ತವೆ, ಅವುಗಳಲ್ಲಿ ಇಂಧನ. ಪ್ರತಿ ನಾಳದ ಒಂದು ತುದಿಗೆ ಭಾರಜಲ ತರುವ ಪೈಪು, ಇನ್ನೊಂದು ತುದಿಗೆ ಅದನ್ನು ಒಯ್ಯುವ ಪೈಪು. ಇವುಗಳಿಗೆ ಫೀಡರ್ ಎನ್ನುತ್ತಾರೆ. ಅಲ್ಲಿಗೆ ಒಂದು ರಿಯಾಕ್ಟರಿಗೆ 612 ಫೀಡರುಗಳಾದವು. ಒಳಗೆ ಹೋಗುವ ಭಾರಜಲ 249 ಡಿಗ್ರಿ ಸೆಲ್ಸಿಯಸ್, ಹೊರಗೆ ಬರುವಾಗ 293 ಡಿಗ್ರಿ. ಅಷ್ಟು ಬಿಸಿಯಾದರೂ ಕುದಿಯದ ಹಾಗೆ ಅದನ್ನು ಒತ್ತಡದಲ್ಲಿ ಹಿಡಿದಿಡಬೇಕು. ಇದಲ್ಲದೆ ಹಬೆಯ ಪೈಪು, ಬಾಯ್ಲರ್ ನೀರಿನ ಪೈಪು, ತಂಪುನೀರಿನ ಪೈಪು, ತುರ್ತು ಪೈಪು ಎಂದು ಬೇರೆ ಬೇರೆ. ಪ್ರತಿಯೊಂದರ ಲೋಹ ಬೇರೆ, ದಪ್ಪ ಬೇರೆ, ರೋಗವೂ ಬೇರೆ. ಡ್ರಾಯಿಂಗ್ ಕೇಳಿ ತೆಗೆದುಕೊಳ್ಳಿ. ಲೈನ್ ನಂಬರ್, ಜಾಯಿಂಟ್ ನಂಬರ್ ಗೊತ್ತಿಲ್ಲದೆ ತೆಗೆದ ಚಿತ್ರ ಯಾವ ಕೆಲಸಕ್ಕೂ ಬರುವುದಿಲ್ಲ.

• ನಮ್ಮ ಸಕ್ಕರೆ ಕಾರ್ಖಾನೆಗಳನ್ನು ಹಗುರವಾಗಿ ನೋಡಬೇಡಿ. ಹಂಗಾಮು ಮುಗಿದ ಮೇಲೆ ಬಾಯ್ಲರ್ ಟ್ಯೂಬ್ ಬದಲಿಸುವಾಗ ಅಲ್ಲಿ ಹೆಲ್ಪರ್ ಆಗಿ ನಿಂತರೂ ಸಾಕು, ಅರ್ಧ ವಿದ್ಯೆ ಬಂದಂತೆ. ಇವತ್ತಿನ ಕೋಜನ್ (ಹಬೆಯ ಜೊತೆ ವಿದ್ಯುತ್ತಿಗೂ ಬಳಸುವ) ಬಾಯ್ಲರುಗಳು ಚದರ ಸೆಂಟಿಮೀಟರಿಗೆ 67, 87, ಕೆಲವು ಕಡೆ 110 ಕೆಜಿ ಒತ್ತಡದಲ್ಲಿ ನಡೆಯುತ್ತವೆ. ಕೈಗಾದ ರಿಯಾಕ್ಟರಿನಿಂದ ಹೊರಬರುವ ಭಾರಜಲದ ಒತ್ತಡವೂ ಸುಮಾರು 87 ಕೆಜಿಯೇ. ಒತ್ತಡದ ಲೆಕ್ಕದಲ್ಲಿ ಸಕ್ಕರೆ ಕಾರ್ಖಾನೆಯಿರುವ ಉಗಾರದ ಕಡೆಯ ಹುಡುಗ ಕೈಗಾಕ್ಕೆ ಹೊಸಬನಲ್ಲ. ಅಲ್ಲಿ ಹೊಸದು ಎಂದರೆ ವಿಕಿರಣ ಮತ್ತು ಕಾಗದಪತ್ರದ ಶಿಸ್ತು.

• ಬಿರುಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ಕಲಿಯಿರಿ. ವೆಲ್ಡಿಂಗ್ ಗೆರೆಗಿಂತ ಅದರ ಪಕ್ಕದ ಪಟ್ಟಿಯನ್ನು ಹೆಚ್ಚು ಅನುಮಾನದಿಂದ ನೋಡಿ. ವೆಲ್ಡಿಂಗ್ ಶಾಖ ತಿಂದ ಆ ಜಾಗದಲ್ಲಿ ಲೋಹದ ಗುಣ ಬದಲಾಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪೈಪಿನಲ್ಲಿ ಎಳೆತ, ಬಿಸಿನೀರು, ನೀರಿನಲ್ಲಿ ಕರಗಿದ ಆಮ್ಲಜನಕ ಮೂರೂ ಸೇರಿದರೆ ಲೋಹದ ಕಣಗಳ ಸಂದಿ ಹಿಡಿದು ಬಿರುಕು ಕವಲೊಡೆಯುತ್ತಾ ಹೋಗುತ್ತದೆ. ಜಗತ್ತಿನ ಹಳೆಯ ಕುದಿನೀರಿನ ರಿಯಾಕ್ಟರುಗಳನ್ನು 1970-80ರ ದಶಕಗಳಲ್ಲಿ ಕಾಡಿದ್ದು ಇದೇ. ಬಿಸಿನೀರು, ತಣ್ಣೀರು ಸೇರುವ ಟೀ ಜಾಯಿಂಟುಗಳಲ್ಲಿ ಲೋಹ ಹಿಗ್ಗಿ ಕುಗ್ಗಿ ದಣಿದು ಸೀಳುತ್ತದೆ. ಪಂಪಿನ ಹತ್ತಿರದ ಸಣ್ಣ ಪೈಪುಗಳು ನಡುಕಕ್ಕೆ ಸೀಳುತ್ತವೆ. ಆದ್ದರಿಂದ ಫ್ರೇಮಿನಲ್ಲಿ ವೆಲ್ಡಿಂಗ್ ಜೊತೆಗೆ ಎರಡೂ ಬದಿಯ ಪಟ್ಟಿ ಪೂರ್ತಿ ಬರಲೇಬೇಕು.

• ಬಿರುಕಿನಷ್ಟೇ ಸವೆತಕ್ಕೂ ಹೆದರಿ. ಕಾರ್ಬನ್ ಸ್ಟೀಲ್ ಪೈಪಿನ ಎಲ್ಬೋದಲ್ಲಿ, ಆರಿಫೈಸ್ ದಾಟಿದ ಮೇಲೆ ನೀರು ಸುಳಿಯುವ ಜಾಗದಲ್ಲಿ, ಒಳಗೋಡೆಯನ್ನು ಕಾಪಾಡುವ ಆಕ್ಸೈಡ್ ಪೊರೆ ಕರಗಿ ಕರಗಿ ಲೋಹ ತೆಳ್ಳಗಾಗುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಸಹ ಮಾಸಿರುವುದಿಲ್ಲ. ಜಪಾನಿನ ಮಿಹಾಮಾ ಮೂರನೇ ಘಟಕದಲ್ಲಿ 2004ರ ಆಗಸ್ಟ್ 9ರಂದು ಇಂಥದ್ದೇ ಒಂದು ಪೈಪು ಒಡೆದು, ಬಿಸಿನೀರು ಮತ್ತು ಹಬೆಗೆ 5 ಜನ ಕಾರ್ಮಿಕರು ಸತ್ತರು. ಅದು ರಿಯಾಕ್ಟರಿನ ಪೈಪಲ್ಲ, ಟರ್ಬೈನ್ ಕಡೆಯ ಸಾಮಾನ್ಯ ನೀರಿನ ಪೈಪು. ವಿಕಿರಣ ಇರಲೇ ಇಲ್ಲ. 10 ಮಿ.ಮೀ. ಇರಬೇಕಿದ್ದ ಗೋಡೆ ಸವೆದು ಒಂದೂವರೆ ಮಿ.ಮೀ.ಗೂ ಕಡಿಮೆಯಾಗಿತ್ತು. 1976ರಲ್ಲಿ ಆ ಘಟಕ ಶುರುವಾದಂದಿನಿಂದ ಆ ಜಾಗವನ್ನು ಯಾರೂ ಅಳೆದಿರಲಿಲ್ಲ, ಏಕೆಂದರೆ ತಪಾಸಣೆಯ ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ಯಂತ್ರ ಎಷ್ಟು ಒಳ್ಳೆಯದಾದರೇನು, ಪಟ್ಟಿಯಲ್ಲಿ ಇಲ್ಲದ ಜಾಗವನ್ನು ಅದು ನೋಡುವುದಿಲ್ಲ. ನಿಮ್ಮ ಕೈಗೆ ಜಾಯಿಂಟ್ ಪಟ್ಟಿ ಬಂದಾಗ ಲೈನಿನ ಉದ್ದಕ್ಕೂ ಒಮ್ಮೆ ನಡೆದು ನೋಡಿ. ಪಟ್ಟಿಯಲ್ಲಿಲ್ಲದ ಎಲ್ಬೋ ಕಂಡರೆ ಬಾಯಿ ಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ತೆಗೆದರೆ ಅಂಥ ಕೆಲಸ ಬೇಡ.

• ಸವೆತ ನೋಡಲು ಪೈಪಿನ ಅಂಚಿನ ಶಾಟ್ ಕಲಿಯಿರಿ. ಕಿರಣ ಪೈಪಿನ ಅಂಚನ್ನು ಸವರಿಕೊಂಡು ಹೋಗುವ ಹಾಗೆ ಇಟ್ಟರೆ ಗೋಡೆಯ ದಪ್ಪ ಚಿತ್ರದಲ್ಲಿ ಪಟ್ಟಿಯಾಗಿ ಬೀಳುತ್ತದೆ, ಪರದೆಯ ಮೇಲೆಯೇ ಅಳೆಯಬಹುದು. ಮೇಲಿನ ಇನ್ಸುಲೇಷನ್ ಬಿಚ್ಚಬೇಕಿಲ್ಲ. ಡಿಜಿಟಲ್ ನಿಜವಾಗಿ ಮೇಲುಗೈ ಸಾಧಿಸಿದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಅಳತೆಗೆ ಆಧಾರ ಬೇಕು. ವ್ಯಾಸ ಖಚಿತವಾಗಿ ಗೊತ್ತಿರುವ ಉಕ್ಕಿನ ಗುಂಡನ್ನು ಪೈಪಿನ ಪಕ್ಕದಲ್ಲಿ, ಅದೇ ಅಂಚಿನ ಮಟ್ಟದಲ್ಲಿ ಇಟ್ಟೇ ಶಾಟ್ ಹೊಡೆಯಿರಿ. ಗುಂಡಿಲ್ಲದ ಚಿತ್ರದಲ್ಲಿ ಮಿಲಿಮೀಟರ್ ಹೇಳುವುದು ಬರೀ ಅಂದಾಜು.

• ಎಕ್ಸ್‌ರೇಗೆ ಬಿರುಕು ಕಾಣುವುದು ಕಿರಣ ಅದರ ಉದ್ದಕ್ಕೆ ಹಾದಾಗ ಮಾತ್ರ. ಹಳೆಯ ಬಾಗಿಲಿನ ಸಂದಿಯಲ್ಲಿ ಬಿಸಿಲು ನೇರವಾಗಿ ಬಿದ್ದಾಗಷ್ಟೇ ಒಳಗೆ ಗೆರೆ ಮೂಡುವುದಿಲ್ಲವೇ, ಹಾಗೆ. ಬಿರುಕಿನ ಮೇಲ್ಮೈಗೂ ಕಿರಣಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಾದರೆ ಅದು ಮಾಯವಾಗಬಹುದು. ಗುಳ್ಳೆ, ಸ್ಲ್ಯಾಗ್ ಯಾವ ದಿಕ್ಕಿನಿಂದ ನೋಡಿದರೂ ಕಂಡೇ ಕಾಣುತ್ತವೆ, ಏಕೆಂದರೆ ಅವುಗಳಿಗೆ ಗಾತ್ರವಿದೆ. ಬಿರುಕಿಗೆ ಗಾತ್ರವಿಲ್ಲ, ಬರೀ ಆಳ. ಆದ್ದರಿಂದ ಅನುಮಾನದ ಜಾಯಿಂಟಿಗೆ ಒಂದೇ ಶಾಟ್ ಹೊಡೆದು ಮುಗಿಸಬೇಡಿ. ಕೋನ ಬದಲಿಸಿ ಇನ್ನೊಂದು ತೆಗೆಯಿರಿ.

• ಹಾಗಾಗಿ ಅಲ್ಟ್ರಾಸಾನಿಕ್ ಕಲಿಯದೆ ಬರೀ ಎಕ್ಸ್‌ರೇ ಹಿಡಿದು ಕೂರಬೇಡಿ. ಆರ್‌ಟಿ (ಎಕ್ಸ್‌ರೇ), ಯುಟಿ (ಅಲ್ಟ್ರಾಸಾನಿಕ್) ಎಂದು ಸೈಟಿನಲ್ಲಿ ಎರಡು ಗುಂಪಾಗಿ ಜಗಳವಾಡುವುದನ್ನು ನೋಡಿದ್ದೇನೆ. ಬಿರುಕಿಗೆ ಆ ಜಗಳ ತಿಳಿಯುವುದಿಲ್ಲ. ಫ್ರಾನ್ಸಿನ ಸಿವೊ ಸ್ಥಾವರದ ಒಂದನೇ ಘಟಕದಲ್ಲಿ 2021ರ ಹತ್ತು ವರ್ಷದ ತಪಾಸಣೆಯ ವೇಳೆ ತುರ್ತು ನೀರಿನ ಸ್ಟೇನ್‌ಲೆಸ್ ಪೈಪಿನ ಎಲ್ಬೋ ವೆಲ್ಡಿಂಗ್ ಪಕ್ಕದಲ್ಲಿ ಬಿರುಕಿನ ಸುಳಿವು ಕೊಟ್ಟಿದ್ದು ಅಲ್ಟ್ರಾಸಾನಿಕ್. ಪೈಪು ಕತ್ತರಿಸಿ ಪ್ರಯೋಗಾಲಯದಲ್ಲಿ ನೋಡಿದ ಮೇಲೆ ಅದು ಎಳೆತ ಮತ್ತು ತುಕ್ಕು ಸೇರಿ ಆದ ಬಿರುಕು ಎಂದು ಖಚಿತವಾಯಿತು. ಅದರ ಹಿಂದೆಯೇ ಹತ್ತಕ್ಕೂ ಹೆಚ್ಚು ರಿಯಾಕ್ಟರುಗಳನ್ನು ನಿಲ್ಲಿಸಿ ಹುಡುಕಬೇಕಾಯಿತು. ನಮ್ಮ ದೇಶದ ಭಾರಜಲದ ರಿಯಾಕ್ಟರುಗಳ ಒಳನಾಳಗಳನ್ನು ನೋಡುವುದಕ್ಕೂ ಭಾಭಾ ಅಣುಸಂಶೋಧನಾ ಕೇಂದ್ರ ರೂಪಿಸಿದ ಬಾರ್ಸಿಸ್ ಎಂಬ ಉಪಕರಣವಿದೆ. ಅದರ ಕಣ್ಣು ಅಲ್ಟ್ರಾಸಾನಿಕ್ ಮತ್ತು ಎಡ್ಡಿ ಕರೆಂಟ್. ಆ ನಾಳಗಳಿಗೆ ನಿಮ್ಮ ಎಕ್ಸ್‌ರೇ ಪ್ಯಾನೆಲ್ ಹೋಗುವುದೇ ಇಲ್ಲ.

• ಡಿಜಿಟಲ್ ಎಂದರೆ ಎರಡು ಬಗೆ, ಎರಡರ ಸ್ವಭಾವವನ್ನೂ ತಿಳಿದಿರಿ. ಒಂದು, ಫಿಲ್ಮಿನ ಜಾಗದಲ್ಲಿ ಇಡುವ ಫಾಸ್ಫರ್ ಪ್ಲೇಟ್. ಅದು ಬಾಗುತ್ತದೆ, ಪೈಪಿಗೆ ಸುತ್ತಬಹುದು. ಆಮೇಲೆ ಲೇಸರ್ ಸ್ಕ್ಯಾನರಿಗೆ ಹಾಕಿ ಓದಬೇಕು. ಇನ್ನೊಂದು ಗಟ್ಟಿ ಫ್ಲ್ಯಾಟ್ ಪ್ಯಾನೆಲ್. ಚಿತ್ರ ಕ್ಷಣಗಳಲ್ಲಿ ಪರದೆಗೆ ಬರುತ್ತದೆ, ಆದರೆ ಬಾಗುವುದಿಲ್ಲ. ಡಾರ್ಕ್‌ರೂಮ್, ಡೆವಲಪರ್ ವಾಸನೆ, ಒಣಗಲು ತೂಗುಹಾಕಿದ ಫಿಲ್ಮು, ಬೆಳಗಿನ ಜಾವ “ಈ ಜಾಯಿಂಟ್ ಸರಿ ಬಂದಿಲ್ಲ, ಮತ್ತೆ ಹೊಡೀರಿ” ಎಂಬ ಮಾತು, ಇವೆಲ್ಲ ಹೋದವು. ಇದು ಸಣ್ಣ ಲಾಭವಲ್ಲ. ಶಾಟ್ ಕೆಟ್ಟರೆ ಅಲ್ಲೇ ಗೊತ್ತಾಗುತ್ತದೆ, ಎಕ್ಸ್‌ಪೋಜರ್ ಸಮಯ ಕಡಿಮೆಯಾಗುತ್ತದೆ, ಕಡಿಮೆಯಾದಷ್ಟೂ ಮನುಷ್ಯನಿಗೆ ಬೀಳುವ ವಿಕಿರಣದ ಡೋಸ್ ಕಡಿಮೆ.

• ಆ ಲಾಭದ ಹಿಂದೆಯೇ ಒಂದು ಅಪಾಯವಿದೆ. ಫಿಲ್ಮಿಗೆ ಎಕ್ಸ್‌ಪೋಜರ್ ಕಡಿಮೆ ಬಿದ್ದರೆ ಅದು ತೆಳ್ಳಗೆ, ಬೆಳ್ಳಗೆ ಬರುತ್ತಿತ್ತು, ಕಪ್ಪಿನ ಅಳತೆಯಲ್ಲೇ ತಿರಸ್ಕಾರವಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಎಷ್ಟು ಕಡಿಮೆ ಕೊಟ್ಟರೂ ಸಾಫ್ಟ್‌ವೇರು ಬೆಳಕನ್ನು ಸರಿಮಾಡಿ ಅಂದದ ಚಿತ್ರ ತೋರಿಸುತ್ತದೆ. ದೊಡ್ಡದು ಮಾಡಿ ನೋಡಿದರೆ ರವೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ. ಕೂದಲೆಳೆಯ ಬಿರುಕು ಅಡಗುವುದು ಆ ಚುಕ್ಕೆಗಳ ನಡುವೆಯೇ. ಮೇಸ್ತ್ರಿ ಅವಸರ ಮಾಡುತ್ತಾನೆ, “ಬಂತಲ್ಲೋ ಫೋಟೊ, ಮುಂದ ನಡಿ” ಎನ್ನುತ್ತಾನೆ. ನಡೆಯಬೇಡಿ. ಸಿಗ್ನಲ್ ಮತ್ತು ನಾಯ್ಸಿನ ಅನುಪಾತ ಎಷ್ಟು ಎಂದು ಸಾಫ್ಟ್‌ವೇರೇ ಲೆಕ್ಕ ಹಾಕಿ ತೋರಿಸುತ್ತದೆ. ಪ್ರೊಸೀಜರಿನಲ್ಲಿ ಹೇಳಿದಷ್ಟು ಬರುವವರೆಗೆ ಎಕ್ಸ್‌ಪೋಜರ್ ಕೊಡಿ, ಪ್ಯಾನೆಲ್ ಆದರೆ ಇನ್ನಷ್ಟು ಫ್ರೇಮ್ ಸೇರಿಸಿ.

• ಅಂತರದ ಲೆಕ್ಕವನ್ನು ಬಾಯಿಪಾಠ ಮಾಡಿ. ಸೋರ್ಸಿನ ಗಾತ್ರವನ್ನು ವೆಲ್ಡಿಂಗ್‌ನಿಂದ ಪ್ಯಾನೆಲಿಗೆ ಇರುವ ದೂರದಿಂದ ಗುಣಿಸಿ, ಸೋರ್ಸಿನಿಂದ ವೆಲ್ಡಿಂಗ್‌ಗೆ ಇರುವ ದೂರದಿಂದ ಭಾಗಿಸಿದರೆ ಚಿತ್ರ ಎಷ್ಟು ಮಸುಕಾಗುತ್ತದೆ ಎಂದು ತಿಳಿಯುತ್ತದೆ. 3 ಮಿ.ಮೀ. ಸೋರ್ಸ್, 500 ಮಿ.ಮೀ. ದೂರ, ಪ್ಲೇಟ್ ಪೈಪಿಗೆ ಅಂಟಿಕೊಂಡು 12 ಮಿ.ಮೀ. ಹಿಂದೆ ಇದ್ದರೆ ಮಸುಕು 0.07 ಮಿ.ಮೀ. ಅದೇ ಗಟ್ಟಿ ಪ್ಯಾನೆಲ್ ಬಾಗದೆ 50 ಮಿ.ಮೀ. ಹಿಂದೆ ನಿಂತರೆ 0.3 ಮಿ.ಮೀ. ಕೋಡ್ ಒಪ್ಪಬಹುದು, ಬಿರುಕು ಒಪ್ಪುವುದಿಲ್ಲ. ಪ್ಯಾನೆಲಿನ ಒಂದೊಂದು ಚುಕ್ಕೆಯೇ 0.1ರಿಂದ 0.2 ಮಿ.ಮೀ. ಇರುತ್ತದೆ ಎಂಬುದನ್ನೂ ಮರೆಯಬೇಡಿ.

• ಪೆನಿ ಇಲ್ಲದ ಚಿತ್ರಕ್ಕೆ ಬೆಲೆ ಇಲ್ಲ. ಪೆನಿ ಎಂದರೆ ಗೊತ್ತಿರುವ ದಪ್ಪದ ಸಣ್ಣ ತಂತಿಗಳ ಪಟ್ಟಿ. ಎಷ್ಟು ಸಣ್ಣ ತಂತಿ ಕಂಡಿತು ಎಂಬುದೇ ಚಿತ್ರದ ಯೋಗ್ಯತೆ. ಡಿಜಿಟಲ್‌ಗೆ ಜೋಡಿ ತಂತಿಯ ಇನ್ನೊಂದು ಪೆನಿಯೂ ಬೇಕು. ಎರಡು ತಂತಿ ಬೇರೆ ಬೇರೆಯಾಗಿ ಕಾಣುತ್ತವೆಯೋ, ಕೂಡಿಕೊಂಡವೋ ಎಂಬುದರ ಮೇಲೆ ಮಸುಕು ತಿಳಿಯುತ್ತದೆ. ಪೈಪಿನೊಳಗೆ ಕೈ ಹೋಗದ ಕಡೆ ಪೆನಿಯನ್ನು ಪ್ಲೇಟಿನ ಬದಿಗೆ ಇಡಬೇಕಾದರೆ ಪಕ್ಕದಲ್ಲಿ ಸೀಸದ ‘ಎಫ್’ ಅಕ್ಷರ ಇಡಿ. ಪ್ಲೇಟಿನ ಬೆನ್ನಿಗೆ ಸೀಸದ ‘ಬಿ’ ಅಂಟಿಸಿ. ಚಿತ್ರದಲ್ಲಿ ಆ ‘ಬಿ’ ಬೆಳ್ಳಗೆ ಮೂಡಿದರೆ ಹಿಂದಿನ ಗೋಡೆಯಿಂದ ಚದುರಿದ ಕಿರಣ ಒಳಗೆ ನುಗ್ಗಿದೆ ಎಂದರ್ಥ. ಹಿಂದೆ ಸೀಸದ ಹಾಳೆ ಇಟ್ಟು ಮತ್ತೆ ಹೊಡೆಯಿರಿ.

• ಪರದೆಯಲ್ಲಿ ಗೆರೆ ಕಂಡ ಕೂಡಲೇ “ಕ್ರ್ಯಾಕ್!” ಎಂದು ಕೂಗಬೇಡಿ, ಸುಮ್ಮನೆ ತಳ್ಳಿಹಾಕಲೂ ಬೇಡಿ. ಫಾಸ್ಫರ್ ಪ್ಲೇಟಿನ ಮೇಲೆ ಉಗುರು ತಾಗಿದ ಗೀರು, ಸ್ಕ್ಯಾನರಿನ ಧೂಳು, ಪ್ಯಾನೆಲಿನ ಸತ್ತ ಪಿಕ್ಸೆಲ್‌ಗಳ ಸಾಲು ಇವೆಲ್ಲ ಬಿರುಕಿನ ವೇಷದಲ್ಲಿ ಬರುತ್ತವೆ. ಹೀಗೆ ಮಾಡಿ: ಪ್ಲೇಟನ್ನು ಅರ್ಧ ಸುತ್ತು ತಿರುಗಿಸಿ, ಮಾರ್ಕರುಗಳನ್ನು ಪೈಪಿನ ಮೇಲೆ ಇದ್ದಲ್ಲೇ ಬಿಟ್ಟು ಇನ್ನೊಂದು ಶಾಟ್ ತೆಗೆಯಿರಿ. ಗೆರೆ ಪ್ಲೇಟಿನ ಜೊತೆ ತಿರುಗಿದರೆ ಅದು ಪ್ಲೇಟಿನದು. ಮಾರ್ಕರಿನ ಪಕ್ಕದಲ್ಲೇ ನಿಂತರೆ ಪೈಪಿನದು. ಪ್ಲೇಟಿಗೆ ನಂಬರ್ ಹಾಕಿ, ಯಾವ ಪ್ಲೇಟಿಗೆ ಎಲ್ಲಿ ಗೀರಿದೆ ಎಂದು ಒಂದು ವಹಿಯಲ್ಲಿ ಬರೆದಿಡಿ. ಬಿರುಕಿನ ಗೆರೆ ಸಾಮಾನ್ಯವಾಗಿ ಅಂಕುಡೊಂಕು, ತುದಿಗೆ ಹೋಗುತ್ತ ಸಣ್ಣಗಾಗಿ ಕರಗುತ್ತದೆ. ಬೆಸುಗೆ ಹಿಡಿಯದೆ ಬಿಟ್ಟ ಜಾಗದ ಗೆರೆ ಪಟ್ಟಿ ಇಟ್ಟು ಎಳೆದಂತೆ ನೇರ. ಇದು ಓದಿ ಬರುವ ವಿದ್ಯೆಯಲ್ಲ. ಕತ್ತರಿಸಿ ತೆರೆದು ನೋಡಿದ ಜಾಯಿಂಟಿನ ಚಿತ್ರಗಳನ್ನು ಕೇಳಿ ಪಡೆದು ಕಣ್ಣಿಗೆ ರೂಢಿ ಮಾಡಿಕೊಳ್ಳಿ.

• ನಡೆಯುವ ಸ್ಥಾವರದಲ್ಲಿ ಪೈಪೇ ವಿಕಿರಣ ಸೂಸುತ್ತಿರಬಹುದು. ಫಾಸ್ಫರ್ ಪ್ಲೇಟಿಗೆ ನಿಮ್ಮ ಸೋರ್ಸ್ ಯಾವುದು, ಪೈಪಿನದು ಯಾವುದು ಎಂಬ ಭೇದವಿಲ್ಲ. ಪ್ಲೇಟನ್ನು ಬಳಸುವ ಸ್ವಲ್ಪ ಮೊದಲು ಬೆಳಕಿನಲ್ಲಿ ಅಳಿಸಿ. ಶಾಟಿಗೆ ಎಲ್ಲ ಸಜ್ಜಾದ ಮೇಲೆ ಕೊನೆಯದಾಗಿ ಪ್ಲೇಟ್ ಕಟ್ಟಿ, ಮುಗಿದ ಕೂಡಲೇ ಮೊದಲು ಪ್ಲೇಟ್ ಬಿಚ್ಚಿ ಹೊರಗೆ ಒಯ್ಯಿರಿ. ಊಟಕ್ಕೆ ಹೋಗಿ ಬಂದು ಬಿಚ್ಚಿದರೆ ಚಿತ್ರ ಮಂಜು ಹಿಡಿದಿರುತ್ತದೆ.

• ಪೈಪಿನಲ್ಲಿ ನೀರಿದೆಯೇ ಕೇಳಿ. ನೀರು ಕಿರಣವನ್ನು ಚದುರಿಸುತ್ತದೆ. ಖಾಲಿ ಮಾಡಲು ಸಾಧ್ಯವಿದ್ದರೆ ಮಾಡಿಸಿ, ಇಲ್ಲದಿದ್ದರೆ ವರದಿಯಲ್ಲಿ “ನೀರು ತುಂಬಿತ್ತು” ಎಂದು ಬರೆಯಿರಿ.

• ಪರದೆಯ ಕೋಣೆ ಮಬ್ಬಾಗಿರಲಿ, ಬಿಸಿಲಿನಿಂದ ಬಂದವರು ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ. 16 ಬಿಟ್ ಚಿತ್ರದಲ್ಲಿ 65,536 ಬೂದು ಮೆಟ್ಟಿಲುಗಳಿವೆ, ಪರದೆ ಮತ್ತು ಕಣ್ಣು ಒಮ್ಮೆಗೆ ತೋರಿಸುವುದು, ನೋಡುವುದು ಅದರ ಸಣ್ಣ ಪಾಲು. ಆದ್ದರಿಂದ ಕಾಂಟ್ರಾಸ್ಟ್ ಸರಿಸುತ್ತ ಸರಿಸುತ್ತ, ದಪ್ಪ ಭಾಗಕ್ಕೊಮ್ಮೆ ತೆಳು ಭಾಗಕ್ಕೊಮ್ಮೆ ಹೊಂದಿಸಿ ನೋಡಬೇಕು. ಫಿಲ್ಟರ್ ಹಾಕುವುದಾದರೆ ಹಾಕಿ, ಆದರೆ ಅಂಚು ಚೂಪು ಮಾಡುವ ಫಿಲ್ಟರು ಇಲ್ಲದ ಗೆರೆಯನ್ನೂ ಹುಟ್ಟಿಸುತ್ತದೆ. ಮೂಲ ಚಿತ್ರ ಯಾವಾಗಲೂ ಹಾಗೇ ಉಳಿಯಬೇಕು. ಎರಡು ವರ್ಷದ ಮೇಲೆ ಅದೇ ಜಾಯಿಂಟನ್ನು ಇನ್ನೊಬ್ಬ ನೋಡುತ್ತಾನೆ. ಗೆರೆ ಬೆಳೆದಿದೆಯೇ ಎಂದು ಹೋಲಿಸಲು ಅವನಿಗೆ ನಿಮ್ಮ ಮೂಲ ಚಿತ್ರ, ನಿಮ್ಮ ಸೋರ್ಸಿನ ದೂರ, ಕೋನ ಎಲ್ಲ ಬೇಕು. ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಎಲ್ಲೂ ನಿಲ್ಲದೆ 962 ದಿನ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಷ್ಟು ದಿನ ನಡೆಯುವ ಯಂತ್ರದ ಪೈಪುಗಳನ್ನು ಶಟ್‌ಡೌನಿನ ಕೆಲವೇ ದಿನಗಳಲ್ಲಿ ನೋಡಿ ಮುಗಿಸಬೇಕು ಎಂದರೆ, ಹಿಂದಿನವರ ದಾಖಲೆ ಅಚ್ಚುಕಟ್ಟಾಗಿರದಿದ್ದರೆ ಹೇಗೆ?

• ಈಗ ಜೀವದ ಮಾತು. ಎಕ್ಸ್‌ರೇ ಟ್ಯೂಬ್ ಸ್ವಿಚ್ ಆರಿಸಿದರೆ ಸುಮ್ಮನಾಗುತ್ತದೆ. ಸೋರ್ಸಾಗಿ ಬಳಸುವ ಇರಿಡಿಯಂ-192 ಸ್ವಿಚ್ಚಿಗೆ ಆರುವುದಿಲ್ಲ. ಅದರ ಅರ್ಧಾಯುಷ್ಯ 74 ದಿನ. ಮನೆಗೆ ಹೋದಾಗಲೂ, ಮಲಗಿದಾಗಲೂ ಅದು ಉರಿಯುತ್ತಲೇ ಇರುತ್ತದೆ. 20 ಕ್ಯೂರಿಯ ಸೋರ್ಸ್ ಹೊರಗೆ ಬಂದಾಗ 1 ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 100 ಮಿಲಿಸೀವರ್ಟ್. ವಿಕಿರಣ ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು ಎಂಬುದು ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಅಂದರೆ ಒಂದು ವರ್ಷದ ಪಾಲು 12 ನಿಮಿಷದಲ್ಲಿ ಮುಗಿಯುತ್ತದೆ. ಅದೇ 10 ಮೀಟರ್ ದೂರ ನಿಂತರೆ ಗಂಟೆಗೆ 1 ಮಿಲಿಸೀವರ್ಟ್. ದೂರ ಹತ್ತು ಪಟ್ಟು, ಡೋಸ್ ನೂರನೇ ಒಂದು ಪಾಲು. ಬೇಗ ಮಾಡುವುದಕ್ಕಿಂತ ದೂರ ನಿಲ್ಲುವುದು ದೊಡ್ಡ ರಕ್ಷಣೆ.

• ಪ್ರತಿ ಶಾಟ್ ಆದ ಮೇಲೆ ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದೇ ಕ್ಯಾಮೆರಾ ಹತ್ತಿರ ಹೋಗಿ. ಸೋರ್ಸ್ ಓಡಾಡುವ ಗೈಡ್ ಟ್ಯೂಬಿನ ತುದಿಯಿಂದ ಕ್ಯಾಮೆರಾದ ಬಾಯಿಯವರೆಗೆ ಮೀಟರ್ ಆಡಿಸಿ, ಸೋರ್ಸ್ ಒಳಗೆ ಹೋಗಿದೆ ಎಂದು ಖಚಿತಪಡಿಸಿಕೊಳ್ಳಿ. ಸೋರ್ಸನ್ನು ಒಳಗೆಳೆಯುವ ಕ್ರ್ಯಾಂಕ್ ಪೂರ್ತಿ ತಿರುಗಿತು ಎಂಬುದು ಸಾಕ್ಷಿಯಲ್ಲ. 1999ರ ಫೆಬ್ರವರಿಯಲ್ಲಿ ಪೆರು ದೇಶದ ಯನಾಂಗೊ ಎಂಬಲ್ಲಿ ಜಲವಿದ್ಯುತ್ ಸ್ಥಾವರದ ಪೈಪಿನ ಕೆಲಸದ ಜಾಗದಲ್ಲಿ ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಸೋರ್ಸನ್ನು ಒಬ್ಬ ವೆಲ್ಡರ್ ಏನೋ ಲೋಹದ ತುಂಡು ಎಂದು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಕೆಲವೇ ಗಂಟೆ ಅದು ಜೇಬಿನಲ್ಲಿತ್ತು. ಅವನ ಕಾಲನ್ನೇ ಕತ್ತರಿಸಬೇಕಾಯಿತು. ಅವನು ರೇಡಿಯೊಗ್ರಾಫರ್ ಅಲ್ಲ, ಅವನಿಗೆ ಏನೂ ಗೊತ್ತಿರಲಿಲ್ಲ. ನಿಮ್ಮ ಉದಾಸೀನಕ್ಕೆ ಬಲಿಯಾಗುವವರು ಹೆಚ್ಚಾಗಿ ಇಂಥ ಬಡಪಾಯಿಗಳೇ.

• ಆಸ್ಪತ್ರೆಯ ಸೀಸದ ಏಪ್ರನ್ ಹಾಕಿಕೊಂಡು ಧೈರ್ಯ ತಂದುಕೊಳ್ಳಬೇಡಿ. ಅದರಲ್ಲಿ ಅರ್ಧ ಮಿಲಿಮೀಟರ್ ಸೀಸ. ಇರಿಡಿಯಂ ಕಿರಣವನ್ನು ಅರ್ಧಕ್ಕೆ ಇಳಿಸಲೇ ಸುಮಾರು 5 ಮಿ.ಮೀ. ಸೀಸ ಬೇಕು.

• ಟಿಎಲ್‌ಡಿ ಬ್ಯಾಡ್ಜ್ (ಮೈಗೆ ಬಿದ್ದ ಡೋಸ್ ಅಳೆಯುವ ಬಿಲ್ಲೆ) ನಿಮ್ಮ ಹೆಸರಿನದೇ ಇರಲಿ, ನಿಮ್ಮ ಎದೆಯ ಮೇಲೇ ಇರಲಿ. “ಡೋಸ್ ಜಾಸ್ತಿ ತೋರಿಸಿದರ ಕೆಲಸ ನಿಲ್ಲತೈತಿ, ಕ್ಯಾಬಿನ್ನಿನ್ಯಾಗ ಇಟ್ಟು ಹೋಗು” ಎಂದು ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಬ್ಯಾಡ್ಜಿನ ನಂಬರು ನೀವು ಕಂಪನಿ ಬಿಟ್ಟರೂ ನಿಮ್ಮ ಜೊತೆ ಬರುತ್ತದೆ, ನಿಮ್ಮ ಆಯುಷ್ಯದ ಡೋಸ್ ಲೆಕ್ಕ ಅದರಲ್ಲಿದೆ. ಪ್ರತಿ ಸಲ ಬರುವ ರೀಡಿಂಗ್ ಕೇಳಿ ಬರೆದುಕೊಳ್ಳಿ. ಅದು ನಿಮ್ಮ ಹಕ್ಕು.

• ತಾಯಂದಿರಿಗೆ ಒಂದು ಮಾತು. “ಈ ಕೆಲಸಕ್ಕ ಹೋದ್ರ ಹುಡುಗಗ ಹೆಣ್ಣು ಯಾರು ಕೊಡ್ತಾರ್ರಿ?” ಎಂದು ನೀವು ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಹುಡುಗನ ಡೋಸ್ ಪುಸ್ತಕದಲ್ಲಿದೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಜಗತ್ತಿನ ಪ್ರತಿಯೊಬ್ಬರಿಗೂ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬಿದ್ದೇ ಬೀಳುತ್ತದೆ. ಮಗನ ಪುಸ್ತಕದ ಅಂಕಿಯನ್ನು ಇದರ ಪಕ್ಕ ಇಟ್ಟು ನೋಡಿ. ನಿಯಮ ಪಾಲಿಸುವ ಕಡೆ ಕೆಲಸ ಮಾಡುವ ಹುಡುಗನ ಬಗ್ಗೆ ಹೆದರಬೇಕಾಗಿಲ್ಲ. ಪುಸ್ತಕವೇ ಇಲ್ಲ ಎಂದರೆ ಆಗ ಹೆದರಿ, ಕರೆಸಿಕೊಳ್ಳಿ.

• ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬನ್ನಿ. ಚಿತ್ರ ಓದುವುದಕ್ಕೆ ಬೇಕಾದ ತಾಳ್ಮೆ ಮತ್ತು ಕಣ್ಣು ನಿಮ್ಮಲ್ಲಿದೆ. ಗರ್ಭಿಣಿಯಾದ ಸುದ್ದಿ ತಿಳಿದ ಕೂಡಲೇ ಬರೆದು ತಿಳಿಸಿ. ಮಗುವಿಗೆ ಮಿತಿ ಬೇರೆ, ಉಳಿದ ತಿಂಗಳುಗಳಲ್ಲಿ 1 ಮಿಲಿಸೀವರ್ಟ್ ಮೀರದಂತೆ ಬೇರೆ ಕೆಲಸ ಕೊಡಬೇಕು.

• ಈ ಕೆಲಸ ಬಹುಪಾಲು ರಾತ್ರಿಯದು, ಬೇರೆಯವರು ಜಾಗ ಖಾಲಿ ಮಾಡಿದ ಮೇಲೆ. ಹಗಲು ನಿದ್ದೆ ಮಾಡದೆ ರಾತ್ರಿ ಸೋರ್ಸ್ ಮುಟ್ಟಬೇಡಿ. ಶಟ್‌ಡೌನ್ ಚಿಂಚಲಿ ಮಾಯಕ್ಕನ ಜಾತ್ರೆಯ ಹೊತ್ತಿಗೇ ಬಂದರೆ ಊರಿಗೆ ಬರಲಾಗುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ.

• ಕಲಿಕೆಯ ದಾರಿ ಹೀಗಿದೆ. 18 ತುಂಬಿರಬೇಕು. ವಿಕಿರಣ ಸುರಕ್ಷತೆಯೂ ಸೇರಿದ, ಅಣುಶಕ್ತಿ ನಿಯಂತ್ರಣ ಮಂಡಳಿ ಒಪ್ಪಿದ ರೇಡಿಯೊಗ್ರಫಿ ಲೆವೆಲ್ 1 ಕೋರ್ಸ್ ಮುಗಿಸಿ, ಆಮೇಲೆ ಲೆವೆಲ್ 2. ಜೊತೆಗೆ ಅಲ್ಟ್ರಾಸಾನಿಕ್. ಸರ್ಟಿಫಿಕೇಟ್ ಇಲ್ಲದೆ ಕ್ರ್ಯಾಂಕ್ ತಿರುಗಿಸಲು ಯಾರು ಹೇಳಿದರೂ, ಎಷ್ಟು ಕೊಟ್ಟರೂ ಮುಟ್ಟಬೇಡಿ.

• ವರದಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. “ಬಿರುಕಿಲ್ಲ” ಎಂದು ಬರೆಯಬೇಡಿ. ಇಂಥ ಸೋರ್ಸ್, ಇಂಥ ದೂರ, ಇಂಥ ಕೋನ, ಪೆನಿಯ ಇಂಥ ತಂತಿ ಕಂಡಿತು, ದಾಖಲಿಸುವಂಥ ಸುಳಿವು ಕಾಣಲಿಲ್ಲ ಎಂದು ಬರೆಯಿರಿ. ಅನುಮಾನವಿದ್ದರೆ ಅನುಮಾನವಿದೆ ಎಂದೇ ಬರೆದು ಅಲ್ಟ್ರಾಸಾನಿಕ್ ಕೇಳಿ. ಶಟ್‌ಡೌನಿನ ಒಂದೊಂದು ದಿನಕ್ಕೂ ದೊಡ್ಡ ಬೆಲೆಯಿರುತ್ತದೆ, ಅದಕ್ಕೆ ಒತ್ತಡ ಬರುತ್ತದೆ, ಬರಬೇಕಾದದ್ದೇ. ಸಹಿ ಮಾಡುವ ಪೆನ್ನು ಮಾತ್ರ ನಿಮ್ಮ ಕೈಯಲ್ಲಿದೆ. ಬೇರೆಯವರು ತೆಗೆದ ಚಿತ್ರಕ್ಕೆ, ನೀವು ನೋಡದ ಚಿತ್ರಕ್ಕೆ ಸಹಿ ಹಾಕಬೇಡಿ.

• ಗಾಡಿ ಹತ್ತುವ ಮೊದಲು ಕರೆದವರಿಗೆ ಫೋನ್ ಹಚ್ಚಿ ಮೂರು ಪ್ರಶ್ನೆ ಕೇಳಿ. ನಿಮ್ಮ ಸೈಟಿನ ವಿಕಿರಣ ಸುರಕ್ಷತಾ ಅಧಿಕಾರಿ ಯಾರು? ನನ್ನ ಹೆಸರಿನಲ್ಲಿ ಟಿಎಲ್‌ಡಿ ಯಾವತ್ತು ಬರುತ್ತದೆ? ಸರ್ವೆ ಮೀಟರ್ ಕ್ಯಾಲಿಬ್ರೇಷನ್ ಆದ ತಾರೀಕು ಯಾವುದು? ಮೂರಕ್ಕೂ ನೇರ ಉತ್ತರ ಬಂದರೆ ಹೋಗಿ, ಮನಸ್ಸಿಟ್ಟು ಕೆಲಸ ಮಾಡಿ. ಒಂದಕ್ಕೆ ಬರದಿದ್ದರೂ ಟಿಕೆಟ್ ತೆಗೆಸಬೇಡಿ, ಮನೆಗೆ ಬನ್ನಿ, ಬೇರೆ ಕೆಲಸ ನೋಡೋಣ.